ಲಿಗ್ನಿನ್ ಬೆರೆಸಿದ ಮಾತ್ರಕ್ಕೆ ಮಲ್ಚಿಂಗ್ ಪೇಪರ್ ಮಣ್ಣಾಗುವುದಿಲ್ಲ

ಪ್ರಶ್ನೆ: ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸಣ್ಣ ಬ್ಲೋನ್ ಫಿಲ್ಮ್ ಘಟಕ (ಕರಗಿದ ಪ್ಲಾಸ್ಟಿಕ್ಕನ್ನು ಗಾಳಿ ಊದಿ ಬಬಲಿನಂತೆ ಉಬ್ಬಿಸಿ ತೆಳು ಹಾಳೆ ಮಾಡುವುದು). 45 ಮಿ.ಮೀ. ಸ್ಕ್ರೂ ಇರುವ ಒಂದೇ ಮೆಷಿನ್. 25 ಮತ್ತು 30 ಮೈಕ್ರಾನಿನ ಕಪ್ಪು ಮಲ್ಚಿಂಗ್ ಪೇಪರ್ (ಮಡಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ) ಮಾಡಿ ಶಿಕಾರಿಪುರ, ಸಾಗರ, ತೀರ್ಥಹಳ್ಳಿ ಕಡೆಯ ತರಕಾರಿ, ಕಲ್ಲಂಗಡಿ ಬೆಳೆಗಾರರಿಗೆ ಕೊಡುತ್ತೇವೆ. "ಕಿತ್ತು ತೆಗೆಯೋ ಕೂಲಿಯೇ ಜಾಸ್ತಿ ಆಗ್ತಿದೆ, ಮಣ್ಣಲ್ಲೇ ಕರಗೋ ಪೇಪರ್ ಮಾಡಿಕೊಡಿ" ಎನ್ನುತ್ತಿದ್ದಾರೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಬೆರೆಸಿದರೆ ಪ್ಲಾಸ್ಟಿಕ್ ಕೊಳೆಯುತ್ತದೆ ಎಂದು ಕೇಳಿ ಮೂರು ಚೀಲ ಕಂದು ಪುಡಿ ತರಿಸಿದೆ. ಎಲ್‌ಎಲ್‌ಡಿಪಿಇ ಎಂಬ ಪಾಲಿಥೀನಿನ ದಾಣಾಕ್ಕೆ (ಪ್ಲಾಸ್ಟಿಕ್ ಕಾಳಿಗೆ) ನೂರಕ್ಕೆ 15ರಂತೆ ಹಾಪರಿನಲ್ಲೇ ಬೆರೆಸಿ 200 ಡಿಗ್ರಿಯಲ್ಲಿ ಓಡಿಸಿದೆ. ಬಬಲ್ ಹತ್ತು ನಿಮಿಷಕ್ಕೊಮ್ಮೆ ಒಡೆಯಿತು, ಫಿಲ್ಮ್ ತುಂಬ ಸೂಜಿತೂತು, ಬೆಲ್ಲ ಸುಟ್ಟ ವಾಸನೆ. ಸಿಕ್ಕಷ್ಟನ್ನು ಒಂದು ಪಟ್ಟೆ ಮೆಣಸಿನಗಿಡಕ್ಕೆ ಹಾಸಿ ನೋಡಿದರೆ ಮೊದಲ ಮಳೆಗೇ ಶೀಟಿನಿಂದ ಕಂದು ನೀರು ಹರಿಯಿತು. ಇದನ್ನು ಸರಿಮಾಡಬಹುದೇ? ರೋಲಿನ ಮೇಲೆ "ಜೈವಿಕವಾಗಿ ಕರಗುವ" ಎಂದು ಅಚ್ಚು ಹಾಕಬಹುದೇ? ಇಲ್ಲಿ ಅಡಿಕೆ ಸಿಪ್ಪೆ ರಾಶಿರಾಶಿ ಬಿದ್ದಿದೆ, ಅದರಿಂದಲೇ ಲಿಗ್ನಿನ್ ತೆಗೆಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಗುಟ್ಟು ಬಯಲಾಗಿವೆ. ಒಂದು ಬೆಲ್ಲ ಸುಟ್ಟ ವಾಸನೆ, ಇನ್ನೊಂದು ಕಂದು ನೀರು. ಇವೆರಡನ್ನೂ ನೋಡಿದರೆ ನೀವು ತರಿಸಿದ ಪುಡಿ ಬಹುಮಟ್ಟಿಗೆ ಲಿಗ್ನೋಸಲ್ಫೋನೇಟ್. ಕಾಂಕ್ರೀಟಿಗೆ, ಪಶು ಆಹಾರದ ಉಂಡೆ ಕಟ್ಟಲು, ಚರ್ಮ ಹದ ಮಾಡಲು ಬಳಸುವ ಮಾಲು. ಪೇಟೆಯಲ್ಲಿ ಇದನ್ನೂ "ಲಿಗ್ನಿನ್ ಪೌಡರ್" ಎಂದೇ ಮಾರುತ್ತಾರೆ, ಹುಟ್ಟಿನಲ್ಲಿ ಅದು ಸುಳ್ಳೂ ಅಲ್ಲ. ಸಲ್ಫೈಟ್ ವಿಧಾನದ ಕಾಗದ ಕಾರ್ಖಾನೆಗಳಲ್ಲಿ ಮರವನ್ನು ಬೇಯಿಸುವಾಗ ಲಿಗ್ನಿನ್‌ಗೆ ಸಲ್ಫೋನೇಟ್ ಗುಂಪುಗಳು ಅಂಟಿ ಅದು ನೀರಲ್ಲಿ ಕರಗುವ ಉಪ್ಪಿನಂಥದ್ದಾಗುತ್ತದೆ. ಜೊತೆಗೆ ಮರದ ಸಕ್ಕರೆಯೂ ಉಳಿದಿರುತ್ತದೆ. 200 ಡಿಗ್ರಿಯಲ್ಲಿ ಆ ಸಕ್ಕರೆ ಕರಟಿದ್ದಕ್ಕೇ ಆಲೆಮನೆ ಕೊಪ್ಪರಿಗೆಯ ತಳ ಹಿಡಿದಂಥ ವಾಸನೆ. ಮಳೆಗೆ ಫಿಲ್ಮಿನ ಮೇಲ್ಮೈಯ ಪುಡಿ ಕರಗಿ ಹರಿದುಹೋಯಿತು, ಅದಿದ್ದ ಜಾಗದಲ್ಲಿ ಗುಳಿ ಉಳಿಯಿತು.

ಫಿಲ್ಮಿಗೆ ಬೇಕಾದದ್ದು ನೀರಲ್ಲಿ ಕರಗದ ಲಿಗ್ನಿನ್: ಕ್ರಾಫ್ಟ್, ಸೋಡಾ ಅಥವಾ ಆರ್ಗನೊಸಾಲ್ವ್ ಬಗೆಯದು (ಲಿಗ್ನಿನ್ ಬೇರ್ಪಡಿಸುವ ಬೇರೆ ಬೇರೆ ವಿಧಾನಗಳ ಹೆಸರುಗಳಿವು). ಗುರುತಿಸಲು ಲ್ಯಾಬ್ ಬೇಕಿಲ್ಲ. ಒಂದು ಗಾಜಿನ ಲೋಟ ನೀರಿಗೆ ಅರ್ಧ ಚಮಚ ಪುಡಿ ಹಾಕಿ ಐದು ನಿಮಿಷ ಕಲಕಿ. ಕಷಾಯದಂತೆ ಪೂರ್ತಿ ಕರಗಿತೇ? ಅದಕ್ಕೆ ನಿಂಬೆರಸ ಹಿಂಡಿ. ಆಗಲೂ ತಿಳಿಯಾಗಿಯೇ ಇದ್ದರೆ ಲಿಗ್ನೋಸಲ್ಫೋನೇಟ್. ಹುಳಿ ಬಿದ್ದೊಡನೆ ಹಾಲು ಒಡೆದಂತೆ ಕಂದು ಚರಟ ತಳಕ್ಕೆ ಇಳಿದರೆ ಅದು ಕ್ಷಾರ ಉಳಿದಿರುವ ಕ್ರಾಫ್ಟ್ ಅಥವಾ ಸೋಡಾ ಲಿಗ್ನಿನ್, ಸರಿಯಾಗಿ ತೊಳೆದಿಲ್ಲ ಎಂದರ್ಥ. ಮೊದಲಿಗೇ ಕರಗದೆ ತೇಲಿ, ಮುಳುಗಿ, ನೀರು ಹೆಚ್ಚುಕಡಿಮೆ ತಿಳಿಯಾಗಿಯೇ ಉಳಿದು, ಚಿಟಿಕೆ ಕಾಸ್ಟಿಕ್ ಸೋಡಾ ಹಾಕಿದ ಮೇಲೆ ಕರಗಿದರೆ ನಿಮಗೆ ಬೇಕಾದ ಮಾಲು ಅದೇ. ಕೊಳ್ಳುವಾಗ ಬೂದಿಯ ಪ್ರಮಾಣವನ್ನೂ ಕೇಳಿ. ಒಳ್ಳೆಯ ಕ್ರಾಫ್ಟ್ ಲಿಗ್ನಿನ್ ಸುಟ್ಟರೆ ನೂರಕ್ಕೆ ಒಂದೆರಡು ಪಾಲು ಬೂದಿ ಉಳಿಯುತ್ತದೆ. ಹತ್ತು ದಾಟಿದರೆ ವಾಪಸ್ ಕಳಿಸಿ.

ಆದರೆ ಸರಿಯಾದ ಲಿಗ್ನಿನ್ ತಂದರೂ ರೈತರು ಕೇಳುತ್ತಿರುವುದು ಅದರಿಂದ ಸಿಗುವುದಿಲ್ಲ. "ಮರದ್ದು ಬೆರೆಸಿದರೆ ಮರದಂತೆ ಕೊಳೆಯುತ್ತದೆ" ಎಂಬ ನಂಬಿಕೆಯಲ್ಲಿ ಎರಡು ತಪ್ಪಿದೆ. ಮೊದಲನೆಯದು, ಮರದಲ್ಲಿ ಎಲ್ಲಕ್ಕಿಂತ ತಡವಾಗಿ ಕೊಳೆಯುವುದೇ ಲಿಗ್ನಿನ್. ಉರುಳಿದ ಅಡಿಕೆ ಮರವನ್ನೇ ನೋಡಿ. ಒಳಗಿನ ಮೆದು ತಿರುಳು ಒಂದೆರಡು ಮಳೆಗಾಲದಲ್ಲಿ ಪುಡಿಯಾಗುತ್ತದೆ, ಹೊರಗಿನ ದಬ್ಬೆ ಬೇಲಿಗೆ ಕಟ್ಟಿದರೂ ವರ್ಷಗಟ್ಟಲೆ ಬಾಳುತ್ತದೆ. ಲಿಗ್ನಿನ್ ಒತ್ತಾಗಿ ತುಂಬಿರುವುದು ಆ ದಬ್ಬೆಯಲ್ಲೇ. ಅದನ್ನು ಪೂರ್ತಿ ಒಡೆಯಬಲ್ಲವು ಮುಖ್ಯವಾಗಿ ಬಿಳಿ ಕೊಳೆ ಶಿಲೀಂಧ್ರಗಳು, ಅದೂ ನಿಧಾನವಾಗಿ. ಎರಡನೆಯದು, ಪಕ್ಕದಲ್ಲಿ ಲಿಗ್ನಿನ್ ಕೂತಿತೆಂದು ಪಾಲಿಥೀನ್ ತನ್ನ ಗುಣ ಬಿಡುವುದಿಲ್ಲ. ಇಂಗಾಲ-ಇಂಗಾಲದ ಆ ಉದ್ದ ಸರಪಳಿಯನ್ನು ಕತ್ತರಿಸುವ ಕಿಣ್ವ ಮಣ್ಣಿನ ಜೀವಿಗಳಲ್ಲಿ ಬೇಸಾಯದ ಲೆಕ್ಕಕ್ಕೆ ಬರುವಷ್ಟಿಲ್ಲ. 15 ಪಾಲು ಲಿಗ್ನಿನ್ ನಾಳೆಯೇ ಮಾಯವಾದರೂ 85 ಪಾಲು ಪಾಲಿಥೀನ್ ತೂತುತೂತಾಗಿ ಗದ್ದೆಯಲ್ಲೇ ಇರುತ್ತದೆ.

ಇನ್ನೂ ಒಂದು ತಮಾಷೆಯಿದೆ. ಕಡಿಮೆ ಪ್ರಮಾಣದಲ್ಲಿ ಲಿಗ್ನಿನ್ ಪಾಲಿಥೀನಿನ ಆಯಸ್ಸು ಹೆಚ್ಚಿಸುವ ಕಡೆಗೇ ಕೆಲಸ ಮಾಡುತ್ತದೆ. ಅದರಲ್ಲಿರುವ ಫೀನಾಲ್ ಗುಂಪುಗಳು ನೇರಳಾತೀತ ಕಿರಣವನ್ನು ಹೀರುತ್ತವೆ, ಆಕ್ಸಿಡೇಶನ್ನಿಗೆ ಅಡ್ಡ ನಿಲ್ಲುತ್ತವೆ. ನೀವು ಈಗ ಕೊಂಡು ಹಾಕುವ ಆಂಟಿಆಕ್ಸಿಡೆಂಟ್ ಕೂಡ ಫೀನಾಲ್ ಜಾತಿಯದೇ. ಕೊಳೆಯಲಿ ಎಂದು ಹಾಕಿದ್ದು ಕೊಳೆಯದಂತೆ ಕಾಯುತ್ತದೆ! ಜಾಸ್ತಿ ಹಾಕಿದರೆ ಮಾತ್ರ ಫಿಲ್ಮ್ ಬಲ ಕಳೆದುಕೊಂಡು ಹರಿಯುತ್ತದೆ. ಆ ಹರಿಯುವುದನ್ನು ಕೊಳೆಯುವುದೆಂದು ತಿಳಿದರೆ ಮೋಸ ಹೋದಂತೆ.

ಹಾಗಾಗಿ ಅಚ್ಚಿನ ಪ್ರಶ್ನೆಗೆ ಉತ್ತರ: ಬೇಡ, ಹಾಕಲೇಬೇಡಿ. ನಮ್ಮ ದೇಶದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಜೈವಿಕವಾಗಿ ಕರಗುವ ಪ್ಲಾಸ್ಟಿಕ್ ಎನ್ನಬೇಕಾದರೆ ಅದು ಸೂಕ್ಷ್ಮ ಪ್ಲಾಸ್ಟಿಕ್ ಉಳಿಸದೆ ಕೊಳೆಯಬೇಕು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವೂ ಇರಬೇಕು. ಪಾಲಿಥೀನ್-ಲಿಗ್ನಿನ್ ಮಿಶ್ರಣ ಆ ಪರೀಕ್ಷೆ ಪಾಸಾಗುವ ಮಾತೇ ಇಲ್ಲ. ಲೋಹದ ಲವಣ ಸೇರಿಸಿ "ಒಂದು ಸೀಸನ್ನಿಗೆ ಪುಡಿಯಾಗುತ್ತದೆ" ಎಂದು ಮಾರುವ ಆಕ್ಸೋ ಮಾಸ್ಟರ್‌ಬ್ಯಾಚಿನ (ದಾಣಾಕ್ಕೆ ಬೆರೆಸುವ ಸಾಂದ್ರ ಮಿಶ್ರಣದ) ಕಡೆಗೂ ತಿರುಗಬೇಡಿ. ಅದು ಪುಡಿಯಾಗುತ್ತದೆ, ನಿಜ. ಪುಡಿ ಮುಂದಿನ ಭತ್ತದ ಗದ್ದೆಯ ಕೆಸರಿನಲ್ಲಿ ಸೇರುತ್ತದೆ. ಐರೋಪ್ಯ ಒಕ್ಕೂಟ 2019ರ ಕಾನೂನಿನಲ್ಲಿ ಅಂಥ ಮಾಲನ್ನೇ ನಿಷೇಧಿಸಿದೆ.

ಇನ್ನು ಸೂಜಿತೂತಿಗೆ ಬರೋಣ. ಮುಖ್ಯ ಅಪರಾಧಿ ತೇವ. ಲಿಗ್ನಿನ್ ಪುಡಿ ಯಾವುದೇ ಇರಲಿ, ಮಲೆನಾಡಿನ ಗಾಳಿಯಲ್ಲಿ ಚೀಲ ಬಿಚ್ಚಿಟ್ಟರೆ ನೂರಕ್ಕೆ ಐದಾರು ಪಾಲು ನೀರು ಹಿಡಿಯುವುದು ಸಾಮಾನ್ಯ. ಲೆಕ್ಕ ಹಾಕಿ: 100 ಕೆ.ಜಿ. ಮಿಶ್ರಣದಲ್ಲಿ 15 ಕೆ.ಜಿ. ಪುಡಿ, ಅದರಲ್ಲಿ ಶೇ. 6 ತೇವ ಎಂದರೆ 900 ಗ್ರಾಂ ನೀರು. ಡೈ (ಮಾಲು ಹೊರಬರುವ ಅಚ್ಚು) ಬಾಯಿ ದಾಟಿ ಒತ್ತಡ ಇಳಿದ ಕ್ಷಣ ಅದು ಸುಮಾರು 1,900 ಲೀಟರ್ ಆವಿ. 100 ಕೆ.ಜಿ. ಫಿಲ್ಮಿನ ಒಟ್ಟು ಗಾತ್ರವೇ 107 ಲೀಟರ್ ಆಸುಪಾಸು. ತೂತು ಬೀಳದೆ ಇನ್ನೇನಾದೀತು? ಎರಡನೆಯ ಅಪರಾಧಿ ಉಂಡೆ. ಪಾಲಿಥೀನ್ ಎಣ್ಣೆಯ ಜಾತಿ, ಲಿಗ್ನಿನ್ ನೀರಿನ ಕಡೆಯ ಜಾತಿ, ಒಂದಕ್ಕೊಂದು ಸೇರುವುದಿಲ್ಲ. ಒಂಟಿ ಸ್ಕ್ರೂ ಮೆಷಿನ್ ದಾಣಾ ಕರಗಿಸಿ ತಳ್ಳುತ್ತದೆಯೇ ಹೊರತು ಉಂಡೆ ಒಡೆಯುವಷ್ಟು ಅರೆಯುವುದಿಲ್ಲ. 25 ಮೈಕ್ರಾನ್ ಫಿಲ್ಮಿನಲ್ಲಿ 40 ಮೈಕ್ರಾನಿನ ಉಂಡೆ ಸಿಕ್ಕರೆ ಎಳೆದಾಗ ಅದರ ಸುತ್ತ ಬಿರುಕು ಬಿಟ್ಟು ತೂತಾಗುತ್ತದೆ. ಬಬಲ್ ಒಡೆಯುತ್ತಿದ್ದದ್ದೂ ಅಲ್ಲೇ.

ಅಂದರೆ ಪಾಲಿಥೀನಿನಲ್ಲಿ ಲಿಗ್ನಿನ್ನಿಗೆ ಜಾಗವೇ ಇಲ್ಲವೇ? ಇದೆ, ಆದರೆ 15ರಲ್ಲಿ ಅಲ್ಲ, ಎರಡು ಮೂರರಲ್ಲಿ. ಬಿಸಿಲು ತಡೆಯುವ ಸಹಾಯಕ ಸಾಮಗ್ರಿಯಾಗಿ. ಪುಡಿಯನ್ನು ನೇರವಾಗಿ ಹಾಪರಿಗೆ ಸುರಿಯದೆ ಮಾಸ್ಟರ್‌ಬ್ಯಾಚ್ ಮಾಡಿಸಿ. ಇದಕ್ಕೆ ಜೋಡಿ ಸ್ಕ್ರೂ ಮತ್ತು ನಡುವೆ ವ್ಯಾಕ್ಯೂಮ್ ಕಿಂಡಿ ಇರುವ ಮೆಷಿನ್ ಬೇಕು, ಜಾಬ್‌ವರ್ಕ್ ಕೊಡುವುದೇ ಲಾಭ. 10 ಮೈಕ್ರಾನಿಗಿಂತ ನಯವಾಗಿ ಅರೆದ ಪುಡಿಯನ್ನು 80 ಡಿಗ್ರಿಯಲ್ಲಿ 12 ಗಂಟೆ ಒಣಗಿಸಿ, ತೇವ ಶೇ. 0.5ಕ್ಕಿಂತ ಕೆಳಗಿಳಿಸಿ, ಬಿಸಿ ಆರುವ ಮೊದಲೇ ಒಳಪದರವಿರುವ ಚೀಲದಲ್ಲಿ ಕಟ್ಟಬೇಕು. ಪುಡಿಯ ದೂಳು ಹೊತ್ತಿಕೊಳ್ಳುವಂಥದ್ದು, ಹೀಟರ್ ಹತ್ತಿರ ಹಾರಿಸಬೇಡಿ. ಮಾಸ್ಟರ್‌ಬ್ಯಾಚಿನ ಅಳತೆ 30 ಪಾಲು ಲಿಗ್ನಿನ್, 6 ಪಾಲು ಮ್ಯಾಲಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಾಲಿಥೀನ್, 64 ಪಾಲು ತೆಳ್ಳಗೆ ಹರಿಯುವ, ಅಂದರೆ ಎಂಎಫ್‌ಐ (ಕರಗಿದ ಮಾಲು ಎಷ್ಟು ಸಲೀಸಾಗಿ ಹರಿಯುತ್ತದೆಂಬ ಅಳತೆ) 20ರ ಎಲ್‌ಎಲ್‌ಡಿಪಿಇ. ಆ ಕಸಿ ಪಾಲಿಥೀನ್ ಒಂದು ಕೈಯಲ್ಲಿ ಲಿಗ್ನಿನ್, ಇನ್ನೊಂದರಲ್ಲಿ ಪಾಲಿಥೀನ್ ಹಿಡಿಯುವ ದಲ್ಲಾಳಿ. ಅದನ್ನು ಬಿಟ್ಟು ಖರ್ಚು ಉಳಿಸಲು ಹೋದರೆ ಫಿಲ್ಮಿನ ಎಳೆತ (ಎಳೆದರೆ ತಾಳುವ ಬಲ) ಬಿದ್ದುಹೋಗುತ್ತದೆ.

ನಿಮ್ಮ ಮೆಷಿನ್ನಿನಲ್ಲಿ 100 ಕೆ.ಜಿ.ಗೆ ಈ ಮಾಸ್ಟರ್‌ಬ್ಯಾಚ್ 10 ಕೆ.ಜಿ., ಶೇ. 40ರ ಕಾರ್ಬನ್ ಬ್ಲ್ಯಾಕ್ ಮಾಸ್ಟರ್‌ಬ್ಯಾಚ್ 6 ಕೆ.ಜಿ., ಉಳಿದ 84 ಕೆ.ಜಿ.ಯಲ್ಲಿ ಕಾಲು ಭಾಗ ಎಲ್‌ಡಿಪಿಇ (ಇನ್ನೊಂದು ಬಗೆಯ ಪಾಲಿಥೀನ್), ಮುಕ್ಕಾಲು ಎಂಎಫ್‌ಐ 2ರ ಎಲ್‌ಎಲ್‌ಡಿಪಿಇ. ಲಿಗ್ನಿನ್ ಶೇ. 3, ಕಾರ್ಬನ್ ಶೇ. 2.4 ಆಗುತ್ತದೆ. ಕಂದು ಬಣ್ಣ ಇದೆಯಲ್ಲ ಎಂದು ಕಾರ್ಬನ್ ಬಿಡಬೇಡಿ. ಲಿಗ್ನಿನ್ ನುಂಗುವುದು ನೇರಳಾತೀತ ಮತ್ತು ನೀಲಿಯನ್ನು, ಕೆಂಪು ಬೆಳಕು ಒಳಗೆ ಇಳಿಯುತ್ತದೆ. ಕಳೆಯ ಬೀಜ ಮೊಳೆಯಲು ಕೆಂಪು ಬೆಳಕೇ ಸಾಕು. (ಕೊನ್ನಾರಿ ಗಡ್ಡೆಯ ಮಾತು ಬೇರೆ, ಅದು ಕಪ್ಪು ಪೇಪರನ್ನೂ ಚುಚ್ಚಿ ಬರುತ್ತದೆ.) ಬ್ಯಾರೆಲ್ ಬಿಸಿ 150ರಿಂದ ಶುರುವಾಗಿ 165, 175, ಡೈ 180. ಕರಗಿದ ಮಾಲಿನ ಬಿಸಿ 190 ದಾಟಬಾರದು. ಅಲ್ಲಿಂದ ಮೇಲೆ ಕ್ರಾಫ್ಟ್ ಲಿಗ್ನಿನ್ ಗಂಧಕದ ಕೊಳೆತ ಮೊಟ್ಟೆ ವಾಸನೆ ಬಿಡುತ್ತದೆ. ಬ್ಲೋ ಅನುಪಾತ (ಡೈಗಿಂತ ಬಬಲ್ ಎಷ್ಟು ಪಟ್ಟು ಅಗಲ ಎಂಬುದು) 2ರಿಂದ 2.5ರೊಳಗೆ ಇರಲಿ.

ಮಳೆಗಾಲದಲ್ಲಿ ಇನ್ನೊಂದು ಕಾಟ. ಕರೆಂಟ್ ಹೋಗಿ ಅರ್ಧ ಗಂಟೆ ಬ್ಯಾರೆಲಿನಲ್ಲಿ ಮಾಲು ನಿಂತರೆ ಲಿಗ್ನಿನ್ ಕರಟಿ ಗೋಡೆಗೆ ಹತ್ತುತ್ತದೆ. ಮತ್ತೆ ಶುರು ಮಾಡಿದ ಮೇಲೆ ಗಂಟೆಗಟ್ಟಲೆ ಕಪ್ಪು ಚುಕ್ಕಿ ಉದುರುತ್ತಲೇ ಇರುತ್ತದೆ, ಪ್ರತಿ ಚುಕ್ಕಿಗೊಂದು ತೂತು. ಜನರೇಟರ್ ಇಲ್ಲದಿದ್ದರೆ ಈ ಮಾಲನ್ನು ಮಳೆಗಾಲದಲ್ಲಿ ಓಡಿಸಬೇಡಿ. ದಿನದ ಕೆಲಸ ಮುಗಿಸುವಾಗಲೂ ಹತ್ತು ಹದಿನೈದು ಕೆ.ಜಿ. ಬರೀ ಎಲ್‌ಡಿಪಿಇ ಓಡಿಸಿ ಬ್ಯಾರೆಲ್ ತೊಳೆದೇ ನಿಲ್ಲಿಸಿ.

ಇಷ್ಟೆಲ್ಲ ಮಾಡಿ ಏನು ಸಿಕ್ಕಿತು? ಸ್ವಲ್ಪ ಬಿಸಿಲು ತಡೆಯುವ ಶಕ್ತಿ, ಅದನ್ನು ಕಾರ್ಬನ್ ಬ್ಲ್ಯಾಕ್ ಆಗಲೇ ಕೊಡುತ್ತಿದೆ. ಕಪ್ಪು ಮಲ್ಚಿಂಗ್ ಪೇಪರಿನಲ್ಲಿ ಲಿಗ್ನಿನ್ ಸೇರಿಸುವ ಶ್ರಮಕ್ಕೆ ತಕ್ಕ ಬೆಲೆ ಇಲ್ಲ ಎಂದೇ ಹೇಳುತ್ತೇನೆ. ಗುಜರಿಯವರೂ ವಾಸನೆ, ಚುಕ್ಕಿ ನೋಡಿ ಆ ಪೇಪರನ್ನು ಮರುಬಳಕೆಗೆ ಒಪ್ಪುವುದಿಲ್ಲ. ಕರಗದ ಪೇಪರಿಗೆ ಇರಬೇಕಾದ ದೊಡ್ಡ ಗುಣ ಒಂದೇ, ಇಡಿಯಾಗಿ ಎದ್ದು ಬರುವುದು. ಅದಕ್ಕೆ 25ರ ಬದಲು 30 ಮೈಕ್ರಾನ್ ಕೊಡಿ. 1.2 ಮೀ. ಅಗಲ, 400 ಮೀ. ಉದ್ದದ ರೋಲಿಗೆ 11.2 ಕೆ.ಜಿ. ಬದಲು 13.4 ಕೆ.ಜಿ. ದಾಣಾ ಹಿಡಿಯುತ್ತದೆ. ಸುಮಾರು 2 ಕೆ.ಜಿ. ಹೆಚ್ಚು, ಆದರೆ ಕೀಳುವ ಕೂಲಿಯಲ್ಲಿ ಅದು ವಾಪಸ್ ಬರುತ್ತದೆ. ಮಣ್ಣು ಸ್ವಲ್ಪ ಹಸಿಯಿರುವಾಗ, ಅಂಚಿನ ಮಣ್ಣನ್ನು ಮೊದಲು ಸಡಿಲಿಸಿ, ಪೈಪಿಗೆ ಸುತ್ತುತ್ತ ಎಬ್ಬಿಸಲು ರೈತರಿಗೆ ಹೇಳಿ. ಒಣಗಿ ಗಟ್ಟಿಯಾದ ಮಡಿಯಿಂದ ಎಳೆದರೆ ಯಾವ ಪೇಪರೂ ಚಿಂದಿಯೇ.

ನಿಜಕ್ಕೂ ಮಣ್ಣಾಗುವ ಪೇಪರ್ ಬೇಕಾದರೆ ಬದಲಾಗಬೇಕಾದದ್ದು ಮೂಲ ಪ್ಲಾಸ್ಟಿಕ್. ಲಿಗ್ನಿನ್ನಿಗೆ ನಿಜವಾದ ಕೆಲಸ ಸಿಗುವುದೂ ಅಲ್ಲೇ. ಪಿಬಿಎಟಿ ಎಂಬ ಪಾಲಿಯೆಸ್ಟರ್‌ನ ಸರಪಳಿಯಲ್ಲಿ ಎಸ್ಟರ್ ಕೊಂಡಿಗಳಿವೆ, ಅವನ್ನು ಕತ್ತರಿಸುವ ಕಿಣ್ವ ಮಣ್ಣಿನ ಶಿಲೀಂಧ್ರ, ಬ್ಯಾಕ್ಟೀರಿಯಾಗಳಲ್ಲಿ ಇದೆ. ಪಿಬಿಎಟಿಗೆ ಬಿಸಿಲು ಆಗದು, ಲಿಗ್ನಿನ್ ಅಲ್ಲಿ ಕೊಡೆ ಹಿಡಿಯುತ್ತದೆ. ದುಬಾರಿ ದಾಣಾದ ಒಂದು ಪಾಲನ್ನು ತಾನು ತುಂಬುತ್ತದೆ. ಪಾಲಿಥೀನಿನಷ್ಟು ಜಗಳವೂ ಇಲ್ಲದ್ದರಿಂದ ಶೇ. 10ರವರೆಗೆ ಫಿಲ್ಮ್ ಊದುವುದು ಸಾಧ್ಯ. ಅದಕ್ಕೂ ಮೇಲೆ ಹೋದರೆ ಎಳೆತ ಕುಸಿಯುತ್ತದೆ, ಕೊಳೆಯುವುದೂ ನಿಧಾನವಾಗುತ್ತದೆ.

ನಿಮ್ಮ ಮೆಷಿನ್ನಿನಲ್ಲೇ ಇದು ಓಡುತ್ತದೆ, ಶಿಸ್ತು ಮಾತ್ರ ಬೇರೆ. ಬಿಸಿ 140ರಿಂದ 160 ಸಾಕು. ದಾಣಾವನ್ನು 65 ಡಿಗ್ರಿಯ ಒಣ ಗಾಳಿಯಲ್ಲಿ ನಾಲ್ಕೈದು ಗಂಟೆ ಇಟ್ಟು ತೇವ ಶೇ. 0.05ಕ್ಕೆ ಇಳಿಸಬೇಕು. ಇಲ್ಲಿ ತೇವ ತೂತು ಮಾಡಿ ಸುಮ್ಮನಾಗುವುದಿಲ್ಲ, ಬಿಸಿಯಲ್ಲಿ ಎಸ್ಟರ್ ಕೊಂಡಿಯನ್ನೇ ಕತ್ತರಿಸಿ ಮಾಲನ್ನು ನೀರಾಗಿಸುತ್ತದೆ. ಲಿಗ್ನಿನ್ನಿನ ಬೂದಿಯಲ್ಲಿ ಉಳಿದ ಸೋಡಿಯಂ ಅದಕ್ಕೆ ತುಪ್ಪ ಸುರಿಯುತ್ತದೆ. ಬೂದಿ ಕಡಿಮೆಯಿರಲಿ ಎಂದದ್ದು ಇದಕ್ಕೇ. ಬಬಲ್ ಅಂಟಂಟಾಗಿರುತ್ತದೆ, ಆಂಟಿಬ್ಲಾಕ್ (ಪದರಗಳು ಅಂಟದಂತೆ ತಡೆಯುವ ಸಾಮಗ್ರಿ) ಮತ್ತು ಗಾಳಿ ಹೆಚ್ಚು ಬೇಕು. ಪಾಲಿಥೀನ್ ಚೂರು ಒಂದು ಹಿಡಿಯೂ ಬೆರೆಯಬಾರದು.

ಹಣದ ಲೆಕ್ಕವನ್ನು ಕೆ.ಜಿ.ಯಲ್ಲಿ ಮಾಡಿದರೆ ತಪ್ಪುತ್ತೀರಿ. ಪಿಬಿಎಟಿಯ ಸಾಂದ್ರತೆ ಸುಮಾರು 1.25, ಪಾಲಿಥೀನಿನದು 0.92-0.93. ಅದೇ 400 ಮೀ. ರೋಲ್ 20 ಮೈಕ್ರಾನಿನಲ್ಲಿ 12 ಕೆ.ಜಿ., 15 ಮೈಕ್ರಾನಿನಲ್ಲಿ 9 ಕೆ.ಜಿ. ಆಗುತ್ತದೆ. ದಾಣಾ ಬೆಲೆಯೂ ಪಾಲಿಥೀನಿಗಿಂತ ಹೆಚ್ಚು. ಆದ್ದರಿಂದ 15 ಮೈಕ್ರಾನಿನಲ್ಲಿ ಬೆಳೆ ದಾಟಿಸಲು ಆಗುತ್ತದೆಯೇ ಎಂಬುದೇ ಪ್ರಶ್ನೆ. ಭತ್ತ ಕೊಯ್ದ ಮೇಲೆ ಗದ್ದೆಗೆ ಹಾಕುವ ಕಲ್ಲಂಗಡಿ, ಸೌತೆ ಎರಡೂವರೆ ಮೂರು ತಿಂಗಳಲ್ಲಿ ಮುಗಿಯುತ್ತವೆ. ಈ ಪೇಪರಿಗೆ ಹೇಳಿ ಮಾಡಿಸಿದ ಬೆಳೆ ಅದು, ಉಳಿದದ್ದನ್ನು ಮುಂಗಾರಿನ ಉಳುಮೆಯಲ್ಲಿ ಮಣ್ಣಿಗೆ ಸೇರಿಸಬಹುದು. ಶುಂಠಿಗೆ ಕೊಡಬೇಡಿ. ಎಂಟು ಹತ್ತು ತಿಂಗಳು ನಿಲ್ಲುವ ಬೆಳೆ, ಮಲೆನಾಡಿನ ಮಳೆಯಲ್ಲಿ ಪೇಪರ್ ಅಷ್ಟು ದಿನ ಉಳಿಯದು, ಉಳಿದರೂ ಅಡಿಯ ತೇವಕ್ಕೆ ಕೊಳೆ ರೋಗ ಹೆಚ್ಚೀತು. ಶುಂಠಿಗೆ ನಾಟಿ ಮಾಡುವಾಗ ಹೆಕ್ಟೇರಿಗೆ 10-12 ಟನ್, ಮತ್ತೆ 40 ಮತ್ತು 90ನೇ ದಿನಕ್ಕೆ ಏಳೂವರೆ ಟನ್ನಿನಂತೆ ಹಸಿ ಸೊಪ್ಪು ಹೊದಿಸುವ ಶಿಫಾರಸೇ ಸರಿ.

ಮಾರುವ ಮೊದಲು ಒಂದು ಸೀಸನ್ ಪರೀಕ್ಷೆ ಮಾಡಿ. 15 ಮತ್ತು 20 ಮೈಕ್ರಾನಿನ ಪಟ್ಟೆ ಹತ್ತತ್ತು ಮೀಟರ್ ಹಾಸಿ 30, 60, 90ನೇ ದಿನಕ್ಕೆ ಎಲ್ಲಿ ಹರಿದಿದೆ ನೋಡಿ. ಸಾಮಾನ್ಯವಾಗಿ ಮೊದಲು ಸೋಲುವುದು ಮಣ್ಣಿನಲ್ಲಿ ಹೂತ ಅಂಚು, ಆಮೇಲೆ ಗಾಳಿಗೆ ಇಡೀ ಪಟ್ಟೆ ಎದ್ದು ಪಟಪಟ ಹಾರುತ್ತದೆ. ಜೊತೆಗೆ 10 ಸೆಂ.ಮೀ. ಚೌಕದ ತುಂಡುಗಳನ್ನು ನೈಲಾನ್ ಬಲೆಚೀಲದಲ್ಲಿಟ್ಟು 10 ಸೆಂ.ಮೀ. ಆಳಕ್ಕೆ ಹೂಳಿ, ತಿಂಗಳಿಗೊಂದು ತೆಗೆದು ತೊಳೆದು ಒಣಗಿಸಿ ತೂಗಿ. ಇದು ನಿಮ್ಮ ತಿಳಿವಳಿಕೆಗೆ ಮಾತ್ರ, ತೂಕ ಇಳಿದದ್ದು ಕೊಳೆತದ್ದಕ್ಕೆ ಪುರಾವೆಯಲ್ಲ. ಮಲ್ಚಿಂಗ್ ಪೇಪರಿಗಾಗಿಯೇ 2018ರಲ್ಲಿ ಬಂದ ಯುರೋಪಿನ ಇಎನ್ 17033 ಮಾನದಂಡ ಕೇಳುವುದು ಎರಡು ವರ್ಷದೊಳಗೆ ಮಣ್ಣಿನಲ್ಲಿ ಶೇ. 90ರಷ್ಟು ಇಂಗಾಲ ಡೈಆಕ್ಸೈಡ್ ಆಗಿ ಹೋಗಬೇಕು ಎಂದು. ಕಾಂಪೋಸ್ಟ್ ಆಗುತ್ತದೆ ಎಂಬ ಐಎಸ್‌ಓ 17088 ಪ್ರಮಾಣಪತ್ರ ತೋರಿಸಿ ದಾಣಾ ಮಾರುವವರಿದ್ದಾರೆ. ಅದು 58 ಡಿಗ್ರಿ ಆಸುಪಾಸಿನ ಕಾಂಪೋಸ್ಟ್ ಘಟಕದ ಲೆಕ್ಕ, ಸಾಗರದ ಗದ್ದೆ ಮಣ್ಣಿನದಲ್ಲ. ದಾಣಾಕ್ಕೆ ಪ್ರಮಾಣಪತ್ರ ಇದ್ದರೂ ನೀವು ಲಿಗ್ನಿನ್ ಬೆರೆಸಿದ ಮೇಲೆ ಅದು ಹೊಸ ಮಾಲು, ಹೊಸ ಪರೀಕ್ಷೆ. ಫಿಲ್ಮಿನ ಎಳೆತ, ಹರಿಯುವಿಕೆಯ ಪರೀಕ್ಷೆಗೆ ಮೈಸೂರಿನ ಸಿಪೆಟ್ (ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ಇದೆ. ಮತ್ತೆ, ಪಿಬಿಎಟಿ ರೋಲನ್ನು ಮಳೆಗಾಲ ದಾಟಿಸಿ ಗೋದಾಮಿನಲ್ಲಿ ಇಡಬೇಡಿ. ಸುತ್ತಿಟ್ಟಲ್ಲೇ ಬಲ ಕಳೆದುಕೊಳ್ಳುತ್ತದೆ. ಅಕ್ಟೋಬರಿನಲ್ಲಿ ಆರ್ಡರ್ ಹಿಡಿದು ನವೆಂಬರ್, ಡಿಸೆಂಬರಿನಲ್ಲಿ ಮಾಡಿ ಕೊಡಿ.

ಅಡಿಕೆ ಸಿಪ್ಪೆಯ ಆಸೆ ಅರ್ಥವಾಗುತ್ತದೆ. ಸಿಪ್ಪೆಯಲ್ಲಿ ಲಿಗ್ನಿನ್ ಶೇ. 13ರಿಂದ 25ರವರೆಗೆ ಇದೆ. ಆದರೆ ಸಿಪ್ಪೆ ಬೀಸಿದ ಹಿಟ್ಟು ಲಿಗ್ನಿನ್ ಅಲ್ಲ, ಹೆಚ್ಚಿನ ಪಾಲು ನಾರು. 80 ಮೆಶ್ ಜರಡಿ ಹಿಡಿದರೂ ಕಣ 180 ಮೈಕ್ರಾನಿನವರೆಗೆ ಇರುತ್ತದೆ, ನಿಮ್ಮ ಫಿಲ್ಮ್ 25 ಮೈಕ್ರಾನ್. ಅಡಿಕೆ ಬೇಯಿಸಿದ ಚೊಗರನ್ನೂ ಕೆಲವರು ಲಿಗ್ನಿನ್ ಎಂದುಕೊಳ್ಳುತ್ತಾರೆ. ಅದು ಟ್ಯಾನಿನ್, ನೀರಲ್ಲಿ ಕರಗುವಂಥದ್ದು, ಬೇರೆಯೇ ಸಾಮಗ್ರಿ. ನಿಜವಾಗಿ ತೆಗೆಯಬೇಕಾದರೆ 100 ಕೆ.ಜಿ. ಒಣ ಸಿಪ್ಪೆಗೆ ಸುಮಾರು 18 ಕೆ.ಜಿ. ಕಾಸ್ಟಿಕ್ ಸೋಡಾ, 800 ಲೀಟರ್ ನೀರು ಹಾಕಿ ಒತ್ತಡದಲ್ಲಿ ಬೇಯಿಸಿ, ಸೋಸಿ, ಗಂಧಕಾಮ್ಲದಿಂದ ಪಿಎಚ್ 2ಕ್ಕೆ ಇಳಿಸಿ, ತೊಳೆದು ಒಣಗಿಸಬೇಕು. ಕೈಗೆ ಬರುವುದು ಹತ್ತು ಕೆ.ಜಿ. ಲಿಗ್ನಿನ್ ಆದರೆ, ಕಪ್ಪು ನೀರಿನಲ್ಲಿ 30 ಕೆ.ಜಿ.ಗೂ ಹೆಚ್ಚು ಸೋಡಿಯಂ ಸಲ್ಫೇಟ್ ಹೋಗುತ್ತದೆ. ಅದನ್ನು ಭದ್ರೆಗೆ ಬಿಡಲಾದೀತೇ? ಭದ್ರಾವತಿಯಲ್ಲಿ 1936ರಲ್ಲಿ ಶುರುವಾದ, ಈಗ ಉತ್ಪಾದನೆ ನಿಂತಿರುವ ಮೈಸೂರು ಕಾಗದ ಕಾರ್ಖಾನೆಯಂಥ ದೊಡ್ಡ ಗಿರಣಿಗಳು ಕಪ್ಪು ದ್ರವವನ್ನು ಬಾಯ್ಲರಿನಲ್ಲಿ ಸುಟ್ಟು ಸೋಡಾವನ್ನು ಮರಳಿ ಪಡೆಯುತ್ತವೆ. ಸಣ್ಣ ಘಟಕಕ್ಕೆ ಆ ಬಾಯ್ಲರೇ ಕೈಗೆಟುಕದು. ಸಿಪ್ಪೆ ತೋಟಕ್ಕೆ ಹೊದಿಕೆಯಾಗಿಯೋ ಗೊಬ್ಬರದ ಗುಂಡಿಗೋ ಹೋಗಲಿ.

ಉಳಿದಿರುವ ಪುಡಿಯನ್ನು ಎಸೆಯಬೇಡಿ. ನಿಂಬೆರಸದ ಪರೀಕ್ಷೆಯಲ್ಲಿ ಲಿಗ್ನೋಸಲ್ಫೋನೇಟ್ ಎಂದು ಖಾತ್ರಿಯಾದರೆ ಹತ್ತಿರದ ಕಾಂಕ್ರೀಟ್ ಬ್ಲಾಕ್ ಮಾಡುವವರನ್ನು ಕೇಳಿ. 50 ಕೆ.ಜಿ. ಸಿಮೆಂಟಿಗೆ 100ರಿಂದ 150 ಗ್ರಾಂ ನೀರಿನಲ್ಲಿ ಕರಗಿಸಿ ಹಾಕಿದರೆ ಕಡಿಮೆ ನೀರಿಗೇ ಮಿಶ್ರಣ ಮೆದುವಾಗುತ್ತದೆ. ಸಕ್ಕರೆ ಇರುವುದರಿಂದ ಅಳತೆ ಮೀರಿದರೆ ಸಿಮೆಂಟ್ ಸೆಟ್ ಆಗುವುದು ತಡವಾಗುತ್ತದೆ. ಮೊದಲು ನಾಲ್ಕು ಬ್ಲಾಕಿಗೆ ಹಾಕಿ ಮರುದಿನ ಅಚ್ಚು ಬಿಚ್ಚಿ ನೋಡಲು ಹೇಳಿ.